ಜ್ವರ ಬಂದ್ರೆ ಮೊದ್ಲು ಮೆಡಿಕಲ್ ಶಾಪಾ, ಆಸ್ಪತ್ರೆಯಾ? ಮಲ್ನಾಡಿನವ್ರು ಹೇಳಿ

ಸೊಪ್ಪಿನಬೆಟ್ಟ, ಹೊಸನಗರ

ಮಳೆ ಬಿಡ್ತಾ ಬಂತು. ಇನ್ನು ಕೊನೆ ಕೊಯ್ಲು, ಅಡಿಕೆ ಸುಲಿಯೋದು, ಬೆಟ್ಟದಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸೋದು ಎಲ್ಲ ಶುರು. ಕಾಡಿನ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ (ಕೆಎಫ್‌ಡಿ) ಕಾಲವೂ ಸರಿಯಾಗಿ ಇದೇ ಹೊತ್ತಿಗೆ, ನವೆಂಬರ್-ಡಿಸೆಂಬರಿಂದ ಮೇ ತನಕ. ನಮ್ಮ ಸುತ್ತಮುತ್ತ ಒಂದು ಕ್ರಮ ಆಗಿಹೋಗಿದೆ. ಮೈ ಬಿಸಿಯಾದ ದಿನ ಡೋಲೊ, ಅಂದ್ರೆ ಪ್ಯಾರಾಸಿಟಮಾಲ್. ಮರುದಿನ ಪೇಟೆಗೆ ಹೋದವರ ಹತ್ರ ‘ಆಜಿತ್ರೊ ಮೂರು ಮಾತ್ರೆ ತಗೊಂಡು ಬಾ’ ಅಂತ ಹೇಳಿ ಕಳಿಸೋದು (ಆಜಿತ್ರೊಮೈಸಿನ್, ಬ್ಯಾಕ್ಟೀರಿಯಾ ಕೊಲ್ಲೋ ಆಂಟಿಬಯೋಟಿಕ್). ಅದಕ್ಕೂ ಬಗ್ಗದಿದ್ರೆ ‘ಪವರ್ ಜಾಸ್ತಿ ಇರೋದು’. ಆಸ್ಪತ್ರೆ ನೆನಪಾಗೋದು ನಾಲ್ಕನೇ ದಿನಾನೋ ಐದನೇ ದಿನಾನೋ.

ಮಂಗನ ಕಾಯಿಲೆ ವೈರಸ್ಸಿಂದ ಬರೋದು, ಅದಕ್ಕೆ ಆಜಿತ್ರೊ ಏನೂ ಮಾಡಲ್ಲ ಅಂತ ನಮ್ಮ ಕೇರಿಯಲ್ಲಿ ಕೇಳಿದ್ರೆ ಅರ್ಧ ಜನ ಸರಿಯಾಗೇ ಹೇಳ್ತಾರೆ. ಗೊತ್ತಿದ್ದವರೂ ತಗೊಳ್ತಾರೆ. ಅದು ಎಂತಕ್ಕೆ ಅನ್ನೋದು ನನ್ನ ಪ್ರಶ್ನೆ. ನಿಮ್ಮ ಊರಲ್ಲಿ ಹೇಗೆ?

ಬೆಂಗ್ಳೂರಲ್ಲಿರೋ ಮಲ್ನಾಡಿಗ

ಎಂತಕ್ಕೆ ಅಂದ್ರೆ ತಿಳುವಳಿಕೆ ಇಲ್ಲ, ಅಷ್ಟೇ. ಬ್ಯಾಕ್ಟೀರಿಯಾ ಬೇರೆ, ವೈರಸ್ ಬೇರೆ ಅನ್ನೋದು ಹೈಸ್ಕೂಲ್ ಪಾಠ. ಕೊರೋನಾ ಬಂದು ಹೋದ ಮೇಲೂ ನಮ್ಮ ಊರಿನವರು ಕಲ್ತಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ಮಾತ್ರೆ ಕೊಡೋ ಅಂಗಡಿಗಳ ಲೈಸೆನ್ಸ್ ರದ್ದು ಮಾಡಿದ್ರೆ ಒಂದೇ ವಾರದಲ್ಲಿ ಸರಿಹೋಗುತ್ತೆ.

ತುಂಗಾತೀರ, ತೀರ್ಥಹಳ್ಳಿ

ಮಾರಾಯ್ರೆ, ಊರಿನವರ ಮೇಲೆ ಸಿಟ್ಟು ಆಮೇಲೆ ಮಾಡುವಾ. ಶುಕ್ರವಾರ ಗಂಟಲು ಕೆರೆದ್ರೆ ಶನಿವಾರದ ಕೊಡಚಾದ್ರಿ ಟ್ರಿಪ್ ತಪ್ಪಬಾರ್ದು ಅಂತ ಆಜಿತ್ರೊ ನುಂಗಿಕೊಂಡೇ ಬಸ್ ಹತ್ತೋರು ಯಾರು? ಅವರೆಲ್ಲ ಹೈಸ್ಕೂಲ್ ಪಾಸಾದವರೇ. ದೇಶದ ಖಾಸಗಿ ಮಾರುಕಟ್ಟೆಯ 2019ರ ಲೆಕ್ಕದಲ್ಲಿ ಅತಿ ಹೆಚ್ಚು ಖರ್ಚಾದ ಆಂಟಿಬಯೋಟಿಕ್ ಅಂದ್ರೆ ಆಜಿತ್ರೊಮೈಸಿನ್ 500 ಮಾತ್ರೆ. ಅದನ್ನ ಪೂರಾ ಹೊಸನಗರ ತಾಲೂಕಿನವರೇ ತಿಂದು ಮುಗಿಸಿದ್ದಲ್ಲ.

ಇನ್ನು ಕೊರೋನಾದಿಂದ ಕಲಿತದ್ದು ಅಂದ್ರಲ್ಲ. ಕಲಿತದ್ದೇ ಇದು! ಆಗ ಯಾರ ಮನೆಯ ಔಷಧಿ ಚೀಟಿ ನೋಡಿದ್ರೂ ಮೊದಲ ಸಾಲಿನಲ್ಲಿ ಆಜಿತ್ರೊ ಇರ್ತಿತ್ತು. ಇಲ್ಲಾಂದ್ರೆ ಡಾಕ್ಸಿ (ಡಾಕ್ಸಿಸೈಕ್ಲಿನ್), ಅದೂ ಆಂಟಿಬಯೋಟಿಕ್ಕೇ. ಆಮೇಲೆ ಬ್ರಿಟನ್ನಿನ ‘ರಿಕವರಿ’ ಅನ್ನೋ ಔಷಧಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ಸಾವಿರಾರು ಕೊರೋನಾ ರೋಗಿಗಳಲ್ಲಿ ನೋಡಿದ್ರು. ಆಜಿತ್ರೊ ಕೊಟ್ಟವರಲ್ಲೂ ಕೊಡದವರಲ್ಲೂ ಸಾವಿನ ಪ್ರಮಾಣ ಒಂದೇ. 2021ರಲ್ಲೇ ಅದು ಪ್ರಕಟ ಆಯ್ತು. ಆ ಸುದ್ದಿ ನಮ್ಮ ಪೇಟೆಗೆ ಬರಲಿಲ್ಲ, ಮಾತ್ರೆಯ ಹೆಸರು ಮಾತ್ರ ಉಳೀತು. ವೈರಸ್ ಜ್ವರಕ್ಕೆ ಆಜಿತ್ರೊ ಅಂತ ಜನಕ್ಕೆ ಪಾಠ ಮಾಡಿದ್ದು ಡಾಕ್ಟ್ರುಗಳೇ ಅಲ್ವಾ?

ಮಾತ್ರೆ ಅಂಗಡಿ, ಶಿವಮೊಗ್ಗ

ಲೈಸೆನ್ಸ್ ರದ್ದು ಮಾಡಿ ಅಂದವರಿಗೆ ನನ್ನದೂ ಒಂದು ಮಾತು. ನಾನು ಫಾರ್ಮಸಿಸ್ಟ್, ಅಂಗಡಿ ನನ್ನದೇ.

ಕಾನೂನು ಇದೆ. 2014ರಿಂದ ಎಚ್1 ಅಂತ ಒಂದು ಪಟ್ಟಿ, ಶುರುವಿನಲ್ಲಿ ಅದರಲ್ಲಿ 46 ಔಷಧಿ. ಸೆಫಿಕ್ಸೀಮ್, ಲಿವೊಫ್ಲಾಕ್ಸಸಿನ್ ಅಂಥ ಆಂಟಿಬಯೋಟಿಕ್, ಟಿಬಿ ಮಾತ್ರೆ, ನಿದ್ರೆ ಮಾತ್ರೆ ಎಲ್ಲ ಅದರಲ್ಲಿ ಬರ್ತವೆ. ಕೊಟ್ರೆ ರೋಗಿ ಹೆಸರು, ಡಾಕ್ಟರ್ ಹೆಸರು, ಎಷ್ಟು ಕೊಟ್ಟಿದ್ದು ಎಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆಜಿತ್ರೊ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೂ ಚೀಟಿ ಬೇಕೇ ಬೇಕು, ಆದ್ರೆ ಆ ರಿಜಿಸ್ಟರ್ ಕಾಟ ಇಲ್ಲ. ಹಾಗಾಗಿ ಬೇಕಾಬಿಟ್ಟಿ ಕೈ ಬದಲಾಯಿಸೋದು ಅದೇ.

ಕೌಂಟರಿನ ಈಚೆ ನಿಂತು ನೋಡಿ. ಗಿರಾಕಿ ಬಂದು ‘ಜ್ವರ, ಗಂಟಲು ನೋವು, ಏನಾದ್ರೂ ಕೊಡಿ’ ಅಂತಾರೆ. ಪ್ಯಾರಾಸಿಟಮಾಲ್ ಕೊಟ್ಟು ‘ಎರಡು ದಿನ ನೋಡಿ, ಇಳೀದಿದ್ರೆ ರಕ್ತ ಪರೀಕ್ಷೆ ಮಾಡಿಸಿ’ ಅಂದ್ರೆ ಮುಖ ಸಣ್ಣ ಆಗ್ತದೆ. ‘ಇದು ನಮ್ಮ ಮನೇಲೂ ಇತ್ತಲ್ಲ’ ಅಂತಾರೆ. ಎದುರುಗಡೆ ಅಂಗಡಿಗೆ ಹೋಗಿ ಕೇಳಿದ್ದನ್ನ ತಗೊಂಡು ನನ್ನ ಮುಂದೇನೇ ಹೋಗ್ತಾರೆ. ಮುಂದಿನ ತಿಂಗಳಿಂದ ಬಿಪಿ, ಶುಗರ್ ಮಾತ್ರೆಗೂ ಅಲ್ಲಿಗೇ. ಕೊಡದೇ ಇದ್ದದ್ದಕ್ಕೆ ನನಗೆ ಸಿಕ್ಕ ಬಹುಮಾನ ಅದು.

ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರ್ತದಲ್ಲ, ಅದು ಎಂತಕ್ಕೆ ಅಂತ ಕೇಳಿದವರು ಬಹಳ ಕಡಿಮೆ. ಚೀಟಿ ಇಲ್ಲದೆ ತಗೋಬೇಡಿ ಅನ್ನೋ ಗುರುತು ಅದು, 2016ರಲ್ಲಿ ಅದರದ್ದೇ ಪ್ರಚಾರ ಮಾಡಿದ್ರು. ಒಬ್ಬರು ಮಾತ್ರ ‘ಕೆಂಪು ಗೆರೆ ಇದ್ರೆ ಸ್ಟ್ರಾಂಗ್ ಅಂತ ಅಲ್ವಾ’ ಅಂದ್ರು. ಪ್ರಚಾರ ಉಲ್ಟಾ ಹೊಡೆದದ್ದು ಹೀಗೆ.

ಸೊಪ್ಪಿನಬೆಟ್ಟ, ಹೊಸನಗರ

ಗಿರಾಕಿಯ ಕಡೆಯ ಲೆಕ್ಕವನ್ನೂ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಮೂರು ಮಾತ್ರೆಗೆ ನೂರು ರೂಪಾಯಿ ಆಚೆ ಈಚೆ. ಆಸ್ಪತ್ರೆಗೆ ಹೋಗೋದು ಅಂದ್ರೆ ಬಸ್ಸು, ಒಂದು ದಿನದ ಕೂಲಿ, ಜೊತೆಗೆ ಬರೋರ ಕೂಲಿ. ಹೋದ ದಿನ ಡಾಕ್ಟ್ರು ಮೀಟಿಂಗಿಗೆ ಹೋಗಿದ್ರೆ ಮರುದಿನ ಮತ್ತೆ ಅಷ್ಟೇ ಖರ್ಚು. ಸುಲಿಯೋ ಸೀಸನ್ನಿನಲ್ಲಿ ಆಳು ಒಂದು ದಿನ ತಪ್ಪಿಸಿದ್ರೆ ತೋಟದವರ ಮುಖವೂ ಕಪ್ಪಾಗ್ತದೆ. ಅದರಲ್ಲಿ ನಾನೂ ಸೇರಿದೆ, ಇಲ್ಲ ಅನ್ನಲ್ಲ. ತಿಳುವಳಿಕೆ ಇಲ್ಲ ಅನ್ನೋದು ಸುಲಭದ ಉತ್ತರ. ಇವರು ಲೆಕ್ಕ ಹಾಕಿಯೇ ಮಾತ್ರೆ ತಗೊಳ್ತಾರೆ.

ಪಿಎಚ್‌ಸಿ ಡ್ಯೂಟಿ

ಸಾಗರ ತಾಲೂಕಿನ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಡಾಕ್ಟರ್ ಕೆಲಸ ಮಾಡ್ತೇನೆ, ಜಾಸ್ತಿ ವಿವರ ಬೇಡ. ತುಂಗಾತೀರ ಅವರ ಮಾತು ಚುಚ್ಚಿತು, ಆದ್ರೆ ಅಲ್ಲಗಳೆಯೋ ಹಾಗಿಲ್ಲ.

‘ವೈರಸ್ಸಿಗೆ ಆಂಟಿಬಯೋಟಿಕ್ ಬೇಡ’ ಅನ್ನೋ ಘೋಷಣೆ ಬೆಂಗಳೂರಿನ ನೆಗಡಿಗೆ ಸಾಕು. ಮಲೆನಾಡಿನ ಜ್ವರಕ್ಕೆ ಸಾಲದು. ನನ್ನ ಮುಂದೆ ಕೂತವರಿಗೆ ಮೂರು ದಿನದ ಜ್ವರ, ತಲೆ ಸಿಡಿತ, ಸೊಂಟ-ಮೀನಖಂಡದ ನೋವು, ಕಣ್ಣು ಕೆಂಪು. ಇದು ಮಂಗನ ಕಾಯಿಲೆ ಆಗಿರಬಹುದು, ವೈರಸ್. ಡೆಂಗಿ ಆಗಿರಬಹುದು, ಅದೂ ವೈರಸ್. ಗದ್ದೆ ಕೆಸರಿನಲ್ಲಿ ಇಲಿ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ ಒಳಗೆ ಹೋಗಿ ಬಂದ ಇಲಿ ಜ್ವರ ಆಗಿರಬಹುದು, ಅದು ಬ್ಯಾಕ್ಟೀರಿಯಾ. ಪೊದೆಯಲ್ಲಿರೋ ಸಣ್ಣ ಹುಳದ ಮರಿ ಕಚ್ಚಿ ಬಂದ ಸ್ಕ್ರಬ್ ಟೈಫಸ್ ಆಗಿರಬಹುದು, ಅದೂ ಬ್ಯಾಕ್ಟೀರಿಯಾನೇ. ಇದರಲ್ಲಿ ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಟ್ಟಿದ, ನೋಯದ ಹುಣ್ಣು ಕೆಲವರಿಗೆ ಇರ್ತದೆ. ಕಂಕುಳು, ತೊಡೆಸಂದಿಯಲ್ಲಿ ಇರೋದ್ರಿಂದ ಬಟ್ಟೆ ಸರಿಸಿ ನೋಡದಿದ್ರೆ ಕಾಣೋದೇ ಇಲ್ಲ.

ಇಲಿ ಜ್ವರಕ್ಕೆ, ಸ್ಕ್ರಬ್ ಟೈಫಸ್ಸಿಗೆ ಆಂಟಿಬಯೋಟಿಕ್ ಬೇಗ ಸಿಗದಿದ್ರೆ ಕಿಡ್ನಿ, ಶ್ವಾಸಕೋಶಕ್ಕೆ ಪೆಟ್ಟು, ಜೀವಕ್ಕೇ ಬರಬಹುದು. ಇನ್ನೂ ಗೊಂದಲ ಬೇಕಾದ್ರೆ ಕೇಳಿ, ಸ್ಕ್ರಬ್ ಟೈಫಸ್ಸಿಗೆ ಡಾಕ್ಸಿ ಅಲ್ಲದೆ ಆಜಿತ್ರೊವೂ ನಿಜವಾಗಿ ಕೆಲಸ ಮಾಡ್ತದೆ. ಅಂದ್ರೆ ಪಕ್ಕದ ಮನೆಯವರಿಗೆ ಆಜಿತ್ರೊದಲ್ಲಿ ಜ್ವರ ಬಿಟ್ಟದ್ದು ಸುಳ್ಳಲ್ಲದೆ ಇರಬಹುದು. ಅವರ ಜ್ವರ ಬೇರೆ, ನಿಮ್ಮದು ಬೇರೆ.

ಮಂಗನ ಕಾಯಿಲೆಯ ಇನ್ನೊಂದು ಆಟ ಇದೆ. ವಾರ ಹತ್ತು ದಿನಕ್ಕೆ ಜ್ವರ ತಾನಾಗೇ ಇಳೀತದೆ. ಬಹುಪಾಲು ಜನ ಅಲ್ಲಿಗೆ ಗುಣ ಆಗ್ತಾರೆ. ಸುಮಾರು ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಒಂದೆರಡು ವಾರ ಬಿಟ್ಟು ಮತ್ತೆ ಬರ್ತದೆ, ಆಗ ಮೆದುಳಿನ ಲಕ್ಷಣ ಸೇರಿಕೊಳ್ತದೆ. ಇಳಿದ ದಿನ ಯಾವ ಮಾತ್ರೆ ತಗೊಂಡಿದ್ರೋ ಅದಕ್ಕೆ ಹೆಸರು ಬರ್ತದೆ. ಜನ ‘ಗುಣ ಆಯ್ತು’ ಅಂತ ಬೆಟ್ಟಕ್ಕೆ ಹೋಗ್ತಾರೆ. ಎರಡನೇ ಸಲ ಬಂದಾಗ ಅದು ಅದೇ ಕಾಯಿಲೆ ಅಂತ ಅವರಿಗೆ ಹೊಳೆಯೋದೇ ಇಲ್ಲ. ಈ ರೋಗಕ್ಕೆ ಅಂತಲೇ ಮದ್ದಿಲ್ಲ. ನೀರು, ಪ್ಯಾರಾಸಿಟಮಾಲ್, ರಕ್ತಸ್ರಾವದ ಮೇಲೆ ಕಣ್ಣು. ರಕ್ತಸ್ರಾವ ಆಗೋ ಕಾಯಿಲೆ ಆದ್ದರಿಂದ ಮೈಕೈ ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊ ಮಾತ್ರೆ-ಇಂಜೆಕ್ಷನ್ ಮಾತ್ರ ಬೇಡ. ನನ್ನ ಮಟ್ಟಿಗೆ ಆಜಿತ್ರೊಗಿಂತ ದೊಡ್ಡ ಭಯ ಅದು.

ಹಾಗಾಗಿ ಚೀಟಿಗಿಂತ ಮುಂಚೆ ರಕ್ತ ಪರೀಕ್ಷೆ. ಮೊದಲ ವಾರದಲ್ಲೇ ತೆಗೆದ್ರೆ ಶಿವಮೊಗ್ಗದ ಲ್ಯಾಬಿನಲ್ಲಿ ಪಿಸಿಆರ್ ಮಾಡಿ ವೈರಸ್ ಇದೆಯಾ ಅಂತ ಹೇಳ್ತಾರೆ.

ಕೆಳಮನೆ ಅತ್ತಿಗೆ, ಸೊರಬ

ಡಾಕ್ಟ್ರೇ, ಒಂದು ಕೇಳ್ತೀನಿ. ಆಂಟಿಬಯೋಟಿಕ್ ಉಷ್ಣ ಅಂತಾರಲ್ಲ. ತಗೊಂಡ್ರೆ ಬಾಯಿ ಹುಣ್ಣು, ಹೊಟ್ಟೆ ಕೆಡೋದು ಆಗ್ತದೆ, ಅದಕ್ಕೇ ನಮ್ಮಲ್ಲಿ ಎರಡು ದಿನ ತಗೊಂಡು ಬಿಟ್ಟುಬಿಡ್ತಾರೆ. ಉಳಿದದ್ದು ಗೋಡೆಗೂಡಿನಲ್ಲಿ ಇರ್ತದೆ, ಮುಂದಿನ ಸಲಕ್ಕೆ ಆಗ್ತದೆ ಅಂತ.

ಪಿಎಚ್‌ಸಿ ಡ್ಯೂಟಿ

ಹೊಟ್ಟೆ ಕೆಡೋದು ನಿಜ, ಅತ್ತಿಗೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯೋದ್ರಿಂದ ಹಾಗಾಗ್ತದೆ. ಗೋಡೆಗೂಡಿನಲ್ಲಿ ಇಟ್ಟದ್ದು ಮುಂದಿನ ಸಲ ಯಾರ ಹೊಟ್ಟೆಗೋ ಹೋಗ್ತದೆ, ಅದೇ ಕಷ್ಟ. ಆದ್ರೆ ‘ಕೋರ್ಸ್ ಮುಗಿಸಲೇಬೇಕು’ ಅಂತ ನಾವು ಹಿಂದೆ ಮಂತ್ರದ ಹಾಗೆ ಹೇಳ್ತಿದ್ದದ್ದೂ ಈಗ ಸ್ವಲ್ಪ ಬದಲಾಗಿದೆ. ಎಷ್ಟೋ ಸೋಂಕಿಗೆ ಹಿಂದಿನಷ್ಟು ದಿನ ಬೇಡ ಅಂತ ಗೊತ್ತಾಗಿದೆ. ಟಿಬಿ ಅಂಥದ್ದಕ್ಕೆ ಮಾತ್ರ ಒಂದು ದಿನವೂ ಬಿಡೋ ಹಾಗಿಲ್ಲ. ಎಷ್ಟು ದಿನ ಅಂತ ಬರೆದುಕೊಟ್ಟವರನ್ನೇ ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಬೆಂಗ್ಳೂರಲ್ಲಿರೋ ಮಲ್ನಾಡಿಗ

ಸರಿ, ಟ್ರೆಕ್ಕಿಂಗ್ ಮಾತು ನನಗೇ ಬಡೀತು, ಬಿಡಿ. ಆದ್ರೆ ಒಬ್ಬ ಮನುಷ್ಯ ಮೂರು ಮಾತ್ರೆ ಸುಮ್ಮನೆ ತಿಂದ್ರೆ ಊರಿಗೆ ಏನು ನಷ್ಟ? ದೇಹ ಅವನದು, ದುಡ್ಡು ಅವನದು.

ಪಿಎಚ್‌ಸಿ ಡ್ಯೂಟಿ

ಟೈಫಾಯ್ಡ್ ತಗೊಳ್ಳಿ. ಒಂದು ಕಾಲಕ್ಕೆ ಸಿಪ್ರೊಫ್ಲಾಕ್ಸಸಿನ್ ಕೊಟ್ರೆ ಮುಗೀತಿತ್ತು. ಈಗ ನಮ್ಮ ದೇಶದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಬಹುತೇಕ ಅದಕ್ಕೆ ಬಗ್ಗಲ್ಲ. ಬಾಯಲ್ಲಿ ನುಂಗೋ ಮಾತ್ರೆಯಲ್ಲಿ ಉಳಿದಿರೋದು ಕೆಲವೇ, ಅದರಲ್ಲಿ ಒಂದು ಇದೇ ಆಜಿತ್ರೊ. ಅದನ್ನೂ ನೆಗಡಿಗೆ ಸುರಿದು ಮುಗಿಸಿದ್ರೆ ನಾಳೆ ಟೈಫಾಯ್ಡ್ ಬಂದ ಕೂಲಿಯವರು ಆಸ್ಪತ್ರೆಯಲ್ಲಿ ಮಲಗಿ ಇಂಜೆಕ್ಷನ್ ಹಾಕಿಸ್ಕೋಬೇಕು. ಬ್ಯಾಕ್ಟೀರಿಯಾ ನಿಮ್ಮ ದೇಹದಲ್ಲೇ ಇರ್ತದೆ ಅಂತ ಆಣೆ ಮಾಡಿಲ್ಲ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತಿದ್ದಾರೆ ಅಂತ ಅಂದಾಜು.

ಕೊಟ್ಟಿಗೆ ಡಾಕ್ಟರ್

ಎಲ್ಲರೂ ಮನುಷ್ಯರದ್ದೇ ಮಾತಾಡ್ತಿದ್ದೀರಿ, ದನದ್ದೂ ಬರಲಿ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಬಿಡೋ ಆಂಟಿಬಯೋಟಿಕ್ ಟ್ಯೂಬ್ ಈಗ ಯಾವ ಪೇಟೆಯಲ್ಲೂ ಸಿಗ್ತದೆ. ಹಾಕಿದ ಮೇಲೆ ಟ್ಯೂಬ್ ಮೇಲೆ ಬರೆದಷ್ಟು ದಿನ ಆ ಹಾಲನ್ನ ಡೈರಿಗೆ ಹಾಕಬಾರ್ದು, ಮನೆಯಲ್ಲೂ ಕುಡೀಬಾರ್ದು. ಯಾರು ಬಿಡ್ತಾರೆ? ಒಂದು ಜರ್ಸಿಯ ಹಾಲು ಅಷ್ಟು ದಿನ ಚೆಲ್ಲೋದು ಅಂದ್ರೆ ಹಿಂಡಿ ಖರ್ಚು ಕೈಯಿಂದ. ಮಲೆನಾಡು ಗಿಡ್ಡಕ್ಕೆ ಈ ಕಾಯಿಲೆ ಕಡಿಮೆ, ಅದು ಬೇರೆ ಮಾತು.

ಕೋಳಿ ಫಾರಂಗಳಲ್ಲಿ ಬೇಗ ತೂಕ ಬರಲಿ ಅಂತ ಆಹಾರಕ್ಕೆ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಹಾಕ್ತಿದ್ರು. ಬೇರೆ ಯಾವುದೂ ನಾಟದಾಗ ಐಸಿಯುನಲ್ಲಿ ಮನುಷ್ಯರಿಗೆ ಕೊಡೋ ಕೊನೇ ಔಷಧಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಪ್ರಾಣಿಗಳಿಗೆ ಕೊಡೋದನ್ನ ನಿಷೇಧ ಮಾಡ್ತು. ಅಷ್ಟಾದ್ರೂ ಆಯ್ತು.

ಕೆಳಮನೆ ಅತ್ತಿಗೆ, ಸೊರಬ

ಅಯ್ಯೋ, ಈಗ ಗೊತ್ತಾಯ್ತು! ದನಕ್ಕೆ ಆ ಟ್ಯೂಬ್ ಹಾಕಿಸಿದ ವಾರ ನಮ್ಮನೆ ಹಾಲಿಗೆ ಎಷ್ಟು ಹೆಪ್ಪು ಹಾಕಿದ್ರೂ ಮೊಸರು ಆಗಿರಲಿಲ್ಲ. ಅತ್ತೆ ಹೆಪ್ಪಿನ ಮೊಸರೇ ಸರಿ ಇಲ್ಲ ಅಂತ ಪಕ್ಕದ ಮನೆಯಿಂದ ತರಿಸಿ ಹಾಕಿದ್ರು, ಅದೂ ಆಗ್ಲಿಲ್ಲ.

ಕೊಟ್ಟಿಗೆ ಡಾಕ್ಟರ್

ಅದೇ ಅಮ್ಮ. ಹೆಪ್ಪಿನಲ್ಲಿ ಇರೋದೂ ಬ್ಯಾಕ್ಟೀರಿಯಾನೇ, ಹಾಲಲ್ಲಿ ಉಳಿದ ಔಷಧಿ ಅದನ್ನೂ ಕೊಂದುಹಾಕ್ತು. ಮುಂದಿನ ಸಲ ನಾನು ರೈತರಿಗೆ ಹೇಳೋವಾಗ ನಿಮ್ಮ ಮೊಸರಿನ ಕಥೆ ಹೇಳ್ತೀನಿ. ಪೋಸ್ಟರಿಗಿಂತ ಇದು ಬೇಗ ನಾಟ್ತದೆ.

ಗುಲಾಬಿ ಸೀರೆ

ನಾನು ಆಶಾ ಕಾರ್ಯಕರ್ತೆ. ಮಾತ್ರೆ ವಿಷಯ ಮುಗೀತಾ? ರೋಗ ಹರಡದ ಹಾಗೆ ನೋಡ್ಕೊಳ್ಳೋದು ಅದಕ್ಕಿಂತ ಮುಂಚಿನ ಕೆಲಸ, ಅದನ್ನೂ ಸ್ವಲ್ಪ ಮಾತಾಡಿ. ಮಂಗ ಸತ್ತದ್ದನ್ನ ಜನ ಹೇಳಲ್ಲ!

ಮಂಗ, ಮುಸಿಯ (ಕಪ್ಪು ಮುಖದ ಮಂಗ) ಸತ್ತು ಬಿದ್ರೆ ಅದರ ಮೈಯಲ್ಲಿದ್ದ ಉಣುಗು ಎಲ್ಲ ಇಳಿದು ಸುತ್ತ ಹರಡ್ತವೆ. ಎಳ್ಳಿಗಿಂತ ಸಣ್ಣ ಇರ್ತವೆ, ಕಚ್ಚಿದ್ದೇ ಗೊತ್ತಾಗಲ್ಲ. ಆರೋಗ್ಯ ಇಲಾಖೆಯವರು ಬಂದು ಸುತ್ತ 50 ಅಡಿ ಮೆಲಾಥಿಯಾನ್ ಅನ್ನೋ ಕೀಟನಾಶಕದ ಪುಡಿ ಉದುರಿಸ್ತಾರೆ. ಮಂಗ ಸತ್ತದ್ದು ನಮಗೆ ಸಿಗೋ ಮುನ್ಸೂಚನೆ, ಬಹಳ ಸಲ ಅದಾದ ಮೇಲೇ ಮನುಷ್ಯರಿಗೆ ಜ್ವರ ಕಾಣಿಸ್ಕೊಳ್ಳೋದು. ಆದ್ರೆ ಜನ ಏನ್ ಮಾಡ್ತಾರೆ? ಫಾರೆಸ್ಟಿನವರು ಬಂದು ಮಹಜರು, ಸಾಕ್ಷಿ, ಸಹಿ ಅಂತ ಎಳೀತಾರೆ ಅಂತ ಹೆದರಿ ಸೊಪ್ಪು ಮುಚ್ಚಿ ಬಂದುಬಿಡ್ತಾರೆ. ಕೆಲವರು ಹನುಮಂತ ದೇವರು ಅಂತ ಹೆಗಲ ಮೇಲೆ ಹೊತ್ತು ತಂದು, ಪೂಜೆ ಮಾಡಿ ಮಣ್ಣು ಮಾಡ್ತಾರೆ. ಭಕ್ತಿ ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಮುಟ್ಟಬೇಡಿ. ಒಂದು ಫೋನ್ ಮಾಡಿ, ಪುಡಿ ಹಾಕಿದ ಮೇಲೆ ದೂರದಿಂದ ಕೈ ಮುಗೀರಿ.

ಹಳೇ ಮೇಷ್ಟ್ರು, ಸಾಗರ

ತಂಗಿ ಹೇಳಿದ್ದು ಕೇಳಿ ನಮ್ಮ ತಂದೆ ಹೇಳ್ತಿದ್ದ ಪ್ಲೇಗಿನ ಕಾಲ ನೆನಪಾಯ್ತು. ಮೈಸೂರು ಸೀಮೆಗೆ ಪ್ಲೇಗ್ ಬಂದದ್ದು 1898ರಲ್ಲಿ, ಆಮೇಲೆ ದಶಕಗಟ್ಟಲೆ ಹೋಗ್ತಾ ಬರ್ತಾ ಇತ್ತು. ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ರೆ ಯಾರೂ ಕಾಯ್ತಿರಲಿಲ್ಲವಂತೆ. ಊರಿಗೆ ಊರೇ ಮನೆ ಬಿಟ್ಟು ಗದ್ದೆ ಬಯಲಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿತ್ತು. ಆಗ ಪೆನಿಸಿಲಿನ್ನೂ ಇರಲಿಲ್ಲ, ಏನೂ ಇರಲಿಲ್ಲ. ಓದುಬರಹ ಇಲ್ಲದ ಜನ ಸತ್ತ ಇಲಿ ನೋಡಿ ಊರು ಬಿಡ್ತಿದ್ರು. ಈಗ ಮೊಬೈಲ್ ಇಟ್ಕೊಂಡ ನಾವು ಸತ್ತ ಮಂಗದ ಮೇಲೆ ಸೊಪ್ಪು ಮುಚ್ತೀವಿ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ರೋಗ ಮೊದಲು ಗೊತ್ತಾದದ್ದೂ ಮಂಗಗಳು ಸಾಯ್ತಿದ್ದ ಕಾರಣಕ್ಕೇ. ಪುಣೆಯಿಂದ ವೈರಸ್ ಸಂಶೋಧಕರು ಬಂದು ಹುಡುಕಿದ್ರು. ಆ ಕಾಡಿನ ಹೆಸರೇ ರೋಗಕ್ಕೂ ಬಂತು, ಕೆಎಫ್‌ಡಿಯಲ್ಲಿರೋ ‘ಕೆ’ ನಮ್ಮ ಕ್ಯಾಸನೂರೇ.

ಹೋಂಸ್ಟೇ ಹುಡುಗ

ಹೇಳ್ದೇ ಇರೋದಕ್ಕೆ ಇನ್ನೊಂದು ಕಾರಣ ನಾನು ಹೇಳ್ಲಾ? 2019ರಲ್ಲಿ ಮಂಗನ ಕಾಯಿಲೆ ಅಂತ ಸಾಗರ ತಾಲೂಕಿನ ಅರಳಗೋಡು ಹೆಸರು ದಿನಾ ಟಿವಿಯಲ್ಲಿ ಬಂತು. ಆಮೇಲೆ ಸಾಗರ ಕಡೆ ಅಂದ್ರೆ ಸಾಕು, ಬುಕಿಂಗ್ ಕ್ಯಾನ್ಸಲ್. ಜೋಗ ನೋಡೋಕೆ ಬರೋರೂ ‘ಅಲ್ಲಿ ಮಂಗನ ಕಾಯಿಲೆ ಇದ್ಯಂತೆ’ ಅಂತ ಫೋನಿಡ್ತಿದ್ರು. ಈಗ ತೋಟದ ಹಿಂದೆ ಮಂಗ ಸತ್ರೆ ನಾನು ಫೋನ್ ಮಾಡ್ಲಾ, ಬಾಯಿ ಮುಚ್ಕೊಂಡು ಇರ್ಲಾ? ಒಳ್ಳೆಯವನಾಗೋ ಖರ್ಚು ನನ್ನೊಬ್ಬನದೇ ಯಾಕೆ?

ಗುಲಾಬಿ ಸೀರೆ

ತಮ್ಮ, ನಿನ್ನ ಕಷ್ಟ ಗೊತ್ತಾಗ್ತದೆ. ಆದ್ರೆ ನಿನ್ನಲ್ಲಿ ಪಾತ್ರೆ ತೊಳೆಯೋಕೆ ಬರೋರು ಅದೇ ಬೆಟ್ಟದಿಂದ ಸೌದೆ ತರ್ತಾರೆ. ಅತಿಥಿ ಎರಡು ದಿನ ಇದ್ದು ಹೋಗ್ತಾರೆ, ಅವರು ದಿನಾ ಹೋಗ್ತಾರೆ.

ಇನ್ನೊಂದು ಮಾತು, ಇದು ಮನುಷ್ಯರಿಂದ ಮನುಷ್ಯರಿಗೆ ಹರಡೋ ಕಾಯಿಲೆ ಅಲ್ಲ. ಬಂದವರಿಗೆ ಅದನ್ನ ಹೇಳು. ಬೆಟ್ಟಕ್ಕೆ ಹೋಗಬೇಡಿ, ದರಗಿನ ಮೇಲೆ ಕೂರಬೇಡಿ ಅಂತ ಬೋರ್ಡ್ ಹಾಕು. ಬೋರ್ಡ್ ಹಾಕಿದ ಹೋಂಸ್ಟೇ ಮೇಲೆ ಜನಕ್ಕೆ ನಂಬಿಕೆ ಜಾಸ್ತಿ ಬರ್ತದೆ ಅಂತ ನನಗನ್ಸುತ್ತೆ. ನಿನಗೆ ಹಾಗೆ ಅನ್ಸದೇ ಇರಬಹುದು.

ಹೋಂಸ್ಟೇ ಹುಡುಗ

ಬೋರ್ಡ್ ಹಾಕ್ತೀನಿ ಅಕ್ಕ. ಟಿವಿಯವರು ಬಂದ್ರೆ ನಿಮ್ಮ ಹತ್ರ ಕಳಿಸ್ತೀನಿ.

ತುಂಗಾತೀರ, ತೀರ್ಥಹಳ್ಳಿ

ಲಸಿಕೆ ವಿಷಯ ಯಾರೂ ಎತ್ತಿಲ್ಲ. ಹಿಂದೆ ಕೊಡ್ತಿದ್ರಲ್ಲ, ಈಗ ಎಂತ ಆಯ್ತು?

ಪಿಎಚ್‌ಸಿ ಡ್ಯೂಟಿ

ಹಳೆಯ ಲಸಿಕೆಯ ಉತ್ಪಾದನೆ 2022ರ ಹೊತ್ತಿಗೆ ನಿಂತುಹೋಯ್ತು. ಹೊಸದರ ಕೆಲಸ ನಡೀತಿದೆ. ಹಳೆಯದು ಬಲವಾದದ್ದೇನೂ ಆಗಿರಲಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಲ್ಲಿ ಶೇ. 62ರಷ್ಟು, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 83ರಷ್ಟು ರಕ್ಷಣೆ ಕಂಡಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಚುಚ್ಚಿದ್ರೆ ವಿಪರೀತ ನೋವು. ಅರ್ಧ ಊರು ಒಂದೇ ಡೋಸಿಗೆ ನಿಲ್ಲಿಸ್ತಿತ್ತು, ಆ ಒಂದನ್ನೂ ತಗೊಳ್ತಿದ್ದದ್ದು ಪಕ್ಕದ ಊರಲ್ಲಿ ಯಾರೋ ಸತ್ತ ಮೇಲೆ. ಈಗ ಕೈಯಲ್ಲಿರೋದು ಉಣುಗು ಹತ್ತದ ಹಾಗೆ ಕಾಡಿಗೆ ಹೋಗೋ ಮುಂಚೆ ಮೈಗೆ ಹಚ್ಚೋ ಡೀಪಾ ಎಣ್ಣೆ, ಉದ್ದ ತೋಳಿನ ಅಂಗಿ, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಲ್ಲಿ ನೆನೆಸೋದು. ಕೇಳೋಕೆ ಸಪ್ಪೆ, ಗೊತ್ತು.

ಸೊಪ್ಪಿನಬೆಟ್ಟ, ಹೊಸನಗರ

ಎಣ್ಣೆ ಕೊಡ್ತಾರೆ, ಜನ ಹಚ್ಚಲ್ಲ. ಬೆವರಿಗೆ ಜಿಗಟು ಅಂತಾರೆ. ನಮ್ಮ ತೋಟದಲ್ಲಿ ಈ ಸಲ ಬಾಟಲಿಯನ್ನ ಕತ್ತಿ ಇಡೋ ಜಾಗದಲ್ಲೇ ಇಟ್ಟಿದ್ದೇನೆ, ಹಚ್ಚಿಕೊಂಡೇ ಬೆಟ್ಟಕ್ಕೆ. ಮತ್ತೊಂದು, ಜ್ವರ ಅಂತ ರಕ್ತ ಕೊಡೋಕೆ ಹೋದವರಿಗೆ ಆ ದಿನದ ಕೂಲಿ ಕೊಡೋದು ಅಂತ ನಮ್ಮ ಕೇರಿಯ ನಾಲ್ಕು ತೋಟದವರು ಮಾತಾಡಿಕೊಂಡಿದ್ದೇವೆ. ಒಬ್ಬರು ‘ಹಾಗಾದ್ರೆ ಎಲ್ಲರಿಗೂ ಜ್ವರ ಬರ್ತದೆ’ ಅಂತ ನಕ್ಕರು. ಬರಲಿ, ನೋಡುವಾ.

ಮಾತ್ರೆ ಅಂಗಡಿ, ಶಿವಮೊಗ್ಗ

ಇದು ಸರಿಯಾದ ಮಾತು. ಆ ಕೂಲಿ ಸಿಕ್ರೆ ನನ್ನ ಕೌಂಟರಿನ ಜಗಳ ಅರ್ಧ ಕಮ್ಮಿ ಆಗ್ತದೆ. ನಾನೂ ಒಂದು ಮಾಡ್ತೇನೆ, ಜ್ವರಕ್ಕೆ ಚೀಟಿ ಇಲ್ಲದೆ ಬಂದವರಿಗೆ ಹತ್ತಿರದ ಪಿಎಚ್‌ಸಿ ಓಪಿಡಿ ಹೊತ್ತು ಬರೆದು ಕೊಡ್ತೇನೆ. ಡಾಕ್ಟ್ರು ಆ ಹೊತ್ತಿಗೆ ಅಲ್ಲಿ ಇರಬೇಕು ಅಷ್ಟೇ.

ಪಿಎಚ್‌ಸಿ ಡ್ಯೂಟಿ

ಇರ್ತೇನೆ. ಮೀಟಿಂಗ್ ಇದ್ದ ದಿನವೂ ರಕ್ತ ತೆಗೆಯೋಕೆ ಲ್ಯಾಬಿನವರು ಇರ್ತಾರೆ, ವಾಪಸ್ ಕಳಿಸಬೇಡಿ ಅಂತ ಹೇಳಿಟ್ಟಿರ್ತೇನೆ.

ಕೆಳಮನೆ ಅತ್ತಿಗೆ, ಸೊರಬ

ನಮ್ಮ ಕಡೆ ಡೀಪಾ ಎಣ್ಣೆ ಇನ್ನೂ ಬಂದಿಲ್ಲ. ಯಾರನ್ನ ಕೇಳ್ಬೇಕು?

ಗುಲಾಬಿ ಸೀರೆ

ನಿಮ್ಮೂರ ಆಶಾ ಹತ್ರ ಕೇಳಿ ಅಕ್ಕ, ಇಲ್ಲಾಂದ್ರೆ ಪಿಎಚ್‌ಸಿಯಲ್ಲೇ ಕೇಳಿ. ಮನೆಯಲ್ಲಿ ಬೆಟ್ಟಕ್ಕೆ ಹೋಗೋರು ಎಷ್ಟು ಜನ ಅಂತ ಬರೆಸಿ, ದನ ಮೇಯಿಸೋ ಮಕ್ಕಳನ್ನೂ ಸೇರಿಸಿ.